ನಮ್ಮ ಜೀಪಿನ ಸಣ್ಣ ಗೇರು

ಒಂದು ಗೇರಿನ ಗಾಡಿ ಇಟ್ಟುಕೊಂಡವರಿಗೆ ವಾರಕ್ಕೊಂದು ತಾಪತ್ರಯ. ಎರಡು ಗೇರಿನ ಗಾಡಿ ಇಟ್ಟುಕೊಂಡವರಿಗೆ ಊರಿಗೊಂದು. ನಮ್ಮದು ಎರಡನೆಯ ಜಾತಿ.

ತೊಂಬತ್ತರ ದಶಕದ ಕೊನೆಯ ಮಾತು. ಬಿ.ಎಸ್ಸಿ. ಮುಗಿಸಿದವನೇ ನಾನು ನೀರು ಪರೀಕ್ಷೆ ಮಾಡುವ ಒಂದು ಖಾಸಗಿ ಸಂಸ್ಥೆ ಸೇರಿದ್ದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಹಳ್ಳಿ ತಿರುಗಿ, ಬಾವಿ ಮತ್ತು ಬೋರುಗಳ ನೀರನ್ನು ಬಾಟಲಿಯಲ್ಲಿ ತುಂಬಿ ತರಬೇಕು. ಬಾಗೇವಾಡಿಯಲ್ಲಿದ್ದ ನಮ್ಮ ಖೋಲಿಯಲ್ಲಿ ಅದನ್ನು ಪರೀಕ್ಷಿಸಿ, ಕುಡಿಯಬಹುದೋ ಬಾರದೋ ಹೇಳಬೇಕು. ಕೆಲಸ ಇಷ್ಟೇ.

ಬೇಸಿಗೆಯಲ್ಲಿ ಈ ಹಳ್ಳಿಗಳಿಗೆ ಸೈಕಲ್ ಮೇಲೂ ಹೋಗಬಹುದು. ಮಳೆ ಬಿದ್ದರೆ ನಮ್ಮ ಎರಿ ಭೂಮಿಯ, ಈ ಕಪ್ಪು ಜಿಗುಟು ಮಣ್ಣಿನ, ಗುಣವೇ ಬೇರೆ. ಚಪ್ಪಲಿ ಹಾಕಿಕೊಂಡು ಕಾಲಿಟ್ಟವನು ಬರಿಗಾಲಲ್ಲಿ ಹೊರಬರುತ್ತಾನೆ. ಅದಕ್ಕಾಗಿ ನಮ್ಮ ಸಾಹೇಬರು ನಾಲ್ಕೂ ಗಾಲಿಗೆ ಎಂಜಿನಿನ ಬಲ ಹೋಗುವಂಥ ಒಂದು ಹಳೆಯ ಜೀಪನ್ನು ಬಾಡಿಗೆಗೆ ತಂದರು. ಅದಕ್ಕೆ ಡ್ರೈವರನನ್ನೂ ಇಟ್ಟರು.

ಡ್ರೈವರ್ ಹತ್ತಿರದ ಮಸೂತಿ ಎಂಬ ಊರಿನ ಒಕ್ಕಲುತನದ ಮನೆಯವನು, ನನಗಿಂತ ಹಿರಿಯ. ಮುಂಬೈ ಲಾರಿ ಓಡಿಸುತ್ತಿದ್ದ. ಒಮ್ಮೆ ಊರಿಗೆ ಬಂದಾಗ ಅವನ ಸಣ್ಣ ಮಗಳು, 'ಯಾರೋ ಬಂದಾರ' ಎಂದು ಓಡಿಹೋಗಿ ತಾಯಿಯ ಹಿಂದೆ ಅಡಗಿಕೊಂಡಳಂತೆ. ಅಂದೇ ಲಾರಿ ಬಿಟ್ಟ. ಸಂಜೆ ಮನೆಯಲ್ಲಿ ಊಟ ಮಾಡುವಂಥ ಕೆಲಸ ಅವನಿಗೆ ಬೇಕಾಗಿತ್ತು. ಅದು ಈ ಜೀಪಿನಿಂದ ಸಿಕ್ಕಿತ್ತು.

ಮೊದಲ ವಾರವೇ ಜೀಪು ಹೊಲದಲ್ಲಿ ಹೂತುಕೊಂಡಿತು. ಟ್ರ್ಯಾಕ್ಟರ್ ಕಟ್ಟಿ ಎಳೆಸಬೇಕಾಯಿತು. ಸುದ್ದಿ ವಿಜಾಪುರದಲ್ಲಿದ್ದ ಸಾಹೇಬರಿಗೆ ಹೋಯಿತು. ಅವರು ಬಂದು ಡ್ರೈವರನಿಗೆ ಹೇಳಿದರು: "ರಾಡ್ಯಾಗ ಹೋಗಾಕಂತ ಗಾಡಿ ತಂದೇನಿ. ಇನ್ನೊಮ್ಮೆ ಇದನ್ನ ಮಂದಿ ಎಳದ್ರ ಗಾಡಿ ಮಾಲಕಗ ವಾಪಸ್. ಮಳಿಗಾಲದ ಕೆಲಸ ಬಂದ್. ನಿಂದೂ ಬಂದ್."

ಅಂದಿನಿಂದ ಅವನಿಗೆ ಆ ಸಣ್ಣ ಗೇರಿನ ಮೇಲೆ ಎಲ್ಲಿಲ್ಲದ ಆಸ್ಥೆ ಬಂತು.

ಸಿಂದಗಿಯ ಚಹಾ

ದೊಡ್ಡ ಗೇರಿನ ಪಕ್ಕದಲ್ಲಿ ಗೇಣುದ್ದದ ಇನ್ನೊಂದು ಗೇರು. ಅದಕ್ಕೆ ನಾಲ್ಕು ಸ್ಥಾನ. ಟೂ-ಹೈನಲ್ಲಿ ಹಿಂದಿನ ಎರಡು ಗಾಲಿಗೆ ಮಾತ್ರ ಬಲ; ಒಳ್ಳೆಯ ರಸ್ತೆಗೆ. ಫೋರ್-ಹೈನಲ್ಲಿ ನಾಲ್ಕಕ್ಕೂ ಬಲ, ಜಾರುವ ನೆಲಕ್ಕೆ. ಆಮೇಲೆ ನ್ಯೂಟ್ರಲ್, ಯಾವ ಗಾಲಿಗೂ ಬಲವಿಲ್ಲ. ಕೊನೆಗೆ ಫೋರ್-ಲೋ, ನಾಲ್ಕಕ್ಕೂ ಬಲ, ವೇಗ ಕಡಿಮೆ, ಎಳೆತ ಹೆಚ್ಚು. ಗಾಡಿಯ ಜೊತೆಗೆ ಬಂದಿದ್ದ ಪುಸ್ತಕ ಓದಿ ನಾನು ಇಷ್ಟನ್ನು ವಿವರಿಸಿದೆ.

ಡ್ರೈವರ್ ಪುಸ್ತಕದತ್ತ ನೋಡದೆ ಗೇರಿನ ತಲೆ ಸವರಿದ.

"ಸರ, ನಾಕೂ ಗಾಲಿ ಎಳೀತಾವಂದ್ರ ಯಾವಾಗಲೂ ನಾಕರಾಗ ಇಡೂಣಲ್ರಿ. ಎರಡು ದುಡಿಯೂದು, ಎರಡು ಪುಗಸಟ್ಟೆ ಸವಾರಿ ಮಾಡೂದು, ಇದ್ಯಾವ ನ್ಯಾಯ?"

"ಒಣ ಟಾರ್ ರಸ್ತೇದಾಗ ಹಾಕಬಾರದಂತ ಬರದಾರ, ಅಣ್ಣಾರ."

"ಬರದವ್ರು ನಮ್ಮ ಕಡೆ ರಸ್ತೆ ನೋಡಿಲ್ಲರಿ."

ಮರುದಿನ ಸಿಂದಗಿಗೆ ಹೊರಟೆವು. ನಾನು ಬಾಟಲಿಗಳಿಗೆ ಚೀಟಿ ಅಂಟಿಸುತ್ತ ಕುಳಿತಿದ್ದಾಗ ಅವನು ಯಾವ ಮಾಯದಲ್ಲೋ ಫೋರ್-ಹೈ ಹಾಕಿದ್ದ. ನೆಟ್ಟಗಿನ ರಸ್ತೆಯಲ್ಲಿ ಏನೂ ಗೊತ್ತಾಗಲಿಲ್ಲ. ಊರೊಳಗೆ ತಿರುವು ಬಂದಾಗ ಜೀಪು ಹೆಜ್ಜೆಹೆಜ್ಜೆಗೆ ಕುಪ್ಪಳಿಸತೊಡಗಿತು. ಸ್ಟೇರಿಂಗ್ ಕಲ್ಲಿನಂತಾಯಿತು.

ಕಾರಣ ಸರಳ. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವಕ್ಕಿಂತ ದೊಡ್ಡ ದಾರಿ ಸುತ್ತುತ್ತವೆ. ಫೋರ್‌ನಲ್ಲಿ ಸಣ್ಣ ಗೇರು ಎರಡನ್ನೂ ಒಂದೇ ವೇಗಕ್ಕೆ ಕಟ್ಟಿಹಾಕಿರುತ್ತದೆ. ರಾಡಿಯಾದರೆ ಗಾಲಿ ಜಾರಿ ಲೆಕ್ಕ ಸರಿಹೋಗುತ್ತದೆ. ಒಣ ಟಾರಿನಲ್ಲಿ ಜಾರಲು ಜಾಗವಿಲ್ಲ. ಒಳಗಿನ ಹಲ್ಲುಗಳೆಲ್ಲ ಬಿಗಿದುಕೊಳ್ಳುತ್ತವೆ. ಆಗ ಸಣ್ಣ ಗೇರನ್ನು ಎಳೆದರೆ ಅದೂ ಬರುವುದಿಲ್ಲ. ಬರಲಿಲ್ಲ.

"ಈಗೇನ್ರಿ?" ಎಂದ.

"ಹಿಂದಕ್ಕ ನಡಸ್ರಿ. ಹಿಂದ ಸರದ್ರ ಬಿಗುವು ಬಿಡತೈತಿ ಅಂತ ಬರದಾರ."

ಸ್ವಲ್ಪ ಹಿಂದೆ ಹೋಗಿ ಎಳೆದ. ಬರಲಿಲ್ಲ. ಇನ್ನೂ ಹಿಂದೆ ಹೋದ. ಬಂದ ತಿರುವನ್ನೇ ಮತ್ತೆ ಸುತ್ತಬೇಕಾಯಿತು. ನಾನು ಕೆಳಗಿಳಿದು, ಸೈಕಲ್ಲುಗಳನ್ನು ಸರಿಸುತ್ತ, ಜೀಪಿನ ಬೆನ್ನಿಗೆ ಮುಂದಾಗಿ ನಡೆದೆ.

ಆ ರಸ್ತೆಯಲ್ಲಿ ಒಂದು ಚಹಾದ ಅಂಗಡಿ. ನಾವು ಮುಂದಕ್ಕೆ ಹೋಗುವಾಗ ಅಂಗಡಿಯವನು, "ಚಾ ಕುಡದು ಹೋಗ್ರಿ" ಎಂದು ಕೂಗಿದ್ದ. ನಾವು ಪುರುಸೊತ್ತಿಲ್ಲ ಎಂದು ಕೈಯಾಡಿಸಿದ್ದೆವು. ಈಗ ಜೀಪು ಹಿಂದು ಹಿಂದಾಗಿ ಬಂದು ಸರಿಯಾಗಿ ಅವನ ಅಂಗಡಿಯ ಮುಂದೆ 'ಟಕ್' ಎಂದಿತು. ಗೇರು ಬಿಟ್ಟಿತು.

ಅವನು ಆಗಲೇ ಎರಡು ಗ್ಲಾಸು ತೊಳೆದಿಟ್ಟಿದ್ದ.

"ಬರ್ರಿ, ಬರ್ರಿ. ಕರದ ಮ್ಯಾಲ ಮನಸು ತಡೀಲಾರದ ತಿರುಗಿ ಬಂದವ್ರು ಭಾಳ ಮಂದಿ ಅದಾರ. ತಿರಗಾಕೂ ತಡೀಲಾರದ ಹಿಂದ ಹಿಂದಕ್ಕ ಬಂದವ್ರು ನೀವ ಮೊದಲು."

ಮೋರಟಗಿಯ ನಳ

ಸಣ್ಣ ಗೇರು ಹಾಕಿದರಷ್ಟೇ ಸಾಲದು. ಮುಂದಿನ ಎರಡೂ ಗಾಲಿಗಳ ನಟ್ಟನಡುವೆ ಒಂದೊಂದು ತಿರುಗುಣಿ ಇರುತ್ತದೆ. ಅದನ್ನು ಕೈಯಿಂದ ತಿರುಗಿಸಿ ಗಾಲಿಯನ್ನು ಒಳಗಿನ ಅಚ್ಚಿಗೆ ಕೂಡಿಸಬೇಕು. ನಾವು ಮಳೆಗಾಲ ಶುರುವಾದ ದಿನವೇ ಎರಡನ್ನೂ ಕೂಡಿಸಿ ಬಿಟ್ಟಿದ್ದೆವು.

ಮೋರಟಗಿಯಲ್ಲಿ ಒಬ್ಬರ ಮನೆಯ ಮುಂದೆ ಜೀಪು ನಿಲ್ಲಿಸಿ, ಹಿತ್ತಲ ಬಾವಿಯ ನೀರು ತುಂಬಿಕೊಂಡು ಬಂದೆವು. ಮನೆಯ ಹಿರಿಯರು ಜೀಪಿನ ಹತ್ತಿರವೇ ಕಟ್ಟೆಯ ಮೇಲೆ ಕುಳಿತಿದ್ದರು. ಹೋಗಿಬರುತ್ತೇವೆ ಎಂದೆವು. "ಹೂಂ, ಸಾವಕಾಶ ಹೋಗ್ರಿ" ಎಂದರು.

ಊರು ದಾಟಿ ಹೊಲದ ದಾರಿಗೆ ಇಳಿದೆವು. ಡ್ರೈವರ್ ಫೋರ್-ಹೈ ಹಾಕಿದ. ಜೀಪು ಸ್ವಲ್ಪ ದೂರ ಹೋಗಿ ನಿಂತಿತು. ಹಿಂದಿನ ಗಾಲಿಗಳು ರಾಡಿ ಹಾರಿಸುತ್ತಿದ್ದವು. ಮುಂದಿನವು ಮದುವೆಗೆ ಬಂದ ಬೀಗರಂತೆ ಸುಮ್ಮನಿದ್ದವು.

ಡ್ರೈವರನ ಮುಖ ಬಿಳುಪೇರಿತು. ದೂರದಲ್ಲಿ ಒಂದು ಟ್ರ್ಯಾಕ್ಟರ್ ಕಾಣುತ್ತಿತ್ತು. ಅವನು ಅದರತ್ತ ನೋಡಲೂ ಇಲ್ಲ.

"ಸರ, ಮುಂದಿನವು ಸತ್ತುವರಿ. ಸಂಜಿಗೆ ಮನ್ಯಾಗ ಏನ್ ಹೇಳ್ಲಿ?"

ನಾನು ಇಳಿದು ಒಂದೊಂದಾಗಿ ನೋಡುತ್ತ ಬಂದೆ. ಬಲಗಡೆಯ ತಿರುಗುಣಿ ಕೂಡಿಯೇ ಇತ್ತು. ಎಡಗಡೆಯದು ಬಿಟ್ಟಿತ್ತು. ಎರಡರಲ್ಲಿ ಒಂದು ಬಿಟ್ಟರೂ ಎಂಜಿನಿನ ಬಲವೆಲ್ಲ ಆ ಬಿಟ್ಟ ಕಡೆಗೇ ಹರಿದು ಹೋಗಿ, ಒಳಗಿನ ಅಚ್ಚು ಬರಿದೆ ಸುತ್ತುತ್ತದೆ; ಗಾಲಿ ತಿರುಗುವುದಿಲ್ಲ. ರಾಡಿ ಒರೆಸಿ ತಿರುಗಿಸಿದೆ. ಜೀಪು ಎದ್ದು ಬಂತು.

ಬಾಟಲಿಯ ಪೆಟ್ಟಿಗೆಯೊಂದನ್ನು ಆ ಮನೆಯಲ್ಲೇ ಮರೆತಿದ್ದೆವು. ತರಲು ಹೋದಾಗ ಹಿರಿಯರನ್ನು ಕೇಳಿದೆ.

"ಅಜ್ಜಾರ, ಗಾಲಿ ನಡುವ ಇದ್ದದ್ದನ್ನ ಯಾರರ ತಿರುವಿದ್ರೇನ್ರಿ?"

"ನಾನ ತಿರುವೀನಿ. ನೀವು ನೀರಿನವ್ರು. ನಳಾ ತೆರದ ಬಿಟ್ಟು ಒಳಗ ಹೋಗಿದ್ರಿ. ನೀರು ಹಾಳಾಗಬಾರದಂತ ಬಂದ್ ಮಾಡಿದೆ."

ನಾನು ಪೆಟ್ಟಿಗೆ ಎತ್ತಿಕೊಂಡೆ. ಅವರೇ ಮುಂದುವರಿಸಿದರು: "ಆ ಕಡೀದು ಭಾಳ ಬಿಗಿ ಐತಿ. ನನ್ನ ಕೈಲೆ ಆಗಲಿಲ್ಲ. ಅದರಾಗಿಂದ ಸೋರಿ ಹೋಗಿದ್ರ ನನಗ ಅನಬ್ಯಾಡ್ರಿ."

ಇಂಡಿಯ ಲಿಂಬಿಕಾಯಿ

ಇಂಡಿಗೆ ಹೋದವರು ಲಿಂಬಿಕಾಯಿ ಇಲ್ಲದೆ ಬರುವುದಿಲ್ಲ. ಡ್ರೈವರ್ ತನ್ನ ಬೀಗರ ತೋಟದಿಂದ ಒಂದು ಚೀಲ ತಂದು, ಹಿಂದೆ ಬಾಟಲಿಗಳಿದ್ದುದರಿಂದ, ಮುಂದಿನ ಎರಡು ಸೀಟುಗಳ ನಡುವೆ ತುರುಕಿದ.

ಎಂಜಿನ್ ಹಚ್ಚಿದ. ಗೇರು ಹಾಕಿದ. ಜೀಪು ಅಬ್ಬರಿಸಿತು, ಒಂದಿಂಚೂ ಕದಲಲಿಲ್ಲ. ನೆಲ ಒಣಗಿತ್ತು. ರಾಡಿ ಇಲ್ಲ, ತಗ್ಗು ಇಲ್ಲ. ಬೇರೆ ಗೇರು ಹಾಕಿದ. ರಿವರ್ಸ್ ಹಾಕಿದ. ಬರೀ ಅಬ್ಬರ. ಸುತ್ತ ಮಂದಿ ಕೂಡಿದರು. ಒಬ್ಬ, "ಎಳಸಾಕ ಟ್ರ್ಯಾಕ್ಟರ್ ತರಲೇನ್ರಿ?" ಎಂದ.

"ಬ್ಯಾಡ," ಎಂದು ಡ್ರೈವರ್ ಎಂಜಿನ್ ಬಂದ್ ಮಾಡಿದ. "ಸರ, ಇದು ಮಿಶಿನ್ ತಕರಾರು ಅಲ್ಲ. ಬೀಗ್ರ ತೋಟದಾಗ ಯಾರೋ ಗಾಡಿ ನೋಡಿ ಹೊಟ್ಟಿ ಉರಕೊಂಡಾರ. ದೃಷ್ಟಿ."

ಚೀಲದ ಬಾಯಿ ಬಿಚ್ಚಿ, ಅದನ್ನು ತನ್ನ ಸೀಟಿನ ಮೇಲೆ ಎತ್ತಿಟ್ಟು, ಒಳ್ಳೆಯವು ನಾಲ್ಕು ಲಿಂಬಿಕಾಯಿ ಆರಿಸಿಕೊಂಡು ಕೆಳಗಿಳಿದ. ಗಾಲಿಗೊಂದರಂತೆ ಇಡತೊಡಗಿದ. ಮಂದಿಯೂ ಅವನ ಜೊತೆಗೇ ಗಾಲಿಯಿಂದ ಗಾಲಿಗೆ ನಡೆದರು.

ಚೀಲ ಎದ್ದ ಜಾಗದಲ್ಲಿ ಸಣ್ಣ ಗೇರು ಕಾಣಿಸಿತು. ಚೀಲದ ಭಾರಕ್ಕೆ ಅದು ನ್ಯೂಟ್ರಲ್‌ಗೆ ಬಂದು ನಿಂತಿತ್ತು. ನ್ಯೂಟ್ರಲ್ ಇದ್ದರೆ ದೊಡ್ಡ ಗೇರು ಯಾವುದು ಹಾಕಿದರೂ ಗಾಡಿಗೆ ಸಂಬಂಧವಿಲ್ಲ. ನಾನು ಅದನ್ನು ಟೂ-ಹೈಗೆ ತಂದೆ.

ಡ್ರೈವರ್ ಬಂದು, ಚೀಲವನ್ನು ನನ್ನ ತೊಡೆಯ ಮೇಲಿಟ್ಟು, ಎಂಜಿನ್ ಹಚ್ಚಿದ. ಲಿಂಬಿಕಾಯಿಗಳು ಪಟಪಟ ಒಡೆದವು. ಜೀಪು ಹೂವಿನಂತೆ ಸಾಗಿತು. ಮಂದಿ ಕೈಮುಗಿದರು.

ಊರು ದಾಟಿದ ಮೇಲೆ ನಾನು ಚೀಲದ ಸಂಗತಿಯನ್ನು ಮೊದಲಿಂದ ಕೊನೆಯವರೆಗೆ ಬಿಡಿಸಿ ಹೇಳಿದೆ. ಅವನು ಶಾಂತವಾಗಿ ಕೇಳಿದ.

"ಅಂದ್ರ ಲಿಂಬಿಕಾಯಿ ಎತ್ತಿದ್ದಕ್ಕ ಹೊಂಟಿತಂತೀರಿ?"

"ಹೌದು."

"ನಾ ಅದನ್ನ ಹೇಳಿದ್ನಲ್ರಿ, ಲಿಂಬಿಕಾಯಿ ಕೆಲಸ ಮಾಡತೈತಿ ಅಂತ."

ಮುದ್ದೇಬಿಹಾಳದ ದಾರಿ

ಫೋರ್-ಲೋ ರುಚಿ ಹತ್ತಿದ್ದು ಮುದ್ದೇಬಿಹಾಳದ ಕಡೆ. ಒಂದು ಹಳ್ಳದ ದಂಡೆಯನ್ನು ಜೀಪು ಉಸಿರುಗಟ್ಟದೆ ಏರಿತು. ಡ್ರೈವರನಿಗೆ ಎಷ್ಟು ಸಂತೋಷವಾಯಿತೆಂದರೆ, ಗಟ್ಟಿ ದಾರಿ ಬಂದ ಮೇಲೂ ಅವನು ಗೇರು ಬದಲಿಸಲಿಲ್ಲ. ಫೋರ್-ಲೋ, ಅದರಲ್ಲೂ ಒಂದನೆಯ ಗೇರು. ಎಂಜಿನು ಮುಗಿಲು ಹರಿಯುವಂತೆ ಕೂಗುತ್ತಿತ್ತು. ಗಾಡಿ ಬಸುರಿ ಹೆಂಗಸಿನಂತೆ ನಡೆಯುತ್ತಿತ್ತು.

"ಅಣ್ಣಾರ, ರಾಡಿ ಮುಗೀತು."

"ಮುಂದ ಮತ್ತ ಬಂದ್ರ? ಕೆಲಸದ ಪ್ರಶ್ನೆ ಐತ್ರಿ ಸರ. ಇದರಾಗ ಭರವಸಾ ಐತಿ."

ಕುರಿ ಮಾರಿ ಬರುತ್ತಿದ್ದ ಒಬ್ಬ ಮುದುಕ ದಾರಿಯಲ್ಲಿ ಜೊತೆಯಾದ. ಅವನು ಹತ್ತಲಿಲ್ಲ, ಜೀಪಿನ ಪಕ್ಕದಲ್ಲೇ ನಡೆಯುತ್ತ ಬಾಗಿಲ ಮೇಲೆ ಕೈಯಿಟ್ಟುಕೊಂಡು ಮಾತಾಡಿದ. ಆಲಮಟ್ಟಿಯ ನೀರು ಕಾಲುವೆಗೆ ಯಾವಾಗ ಬಿಡುತ್ತಾರೆ, ಸಜ್ಜೆ ಹೇಗಿದೆ, ನನಗೆ ಕನ್ಯೆ ನೋಡಿದ್ದಾರೋ ಇಲ್ಲವೋ, ಎಲ್ಲ ಕೇಳಿದ. ಎಲೆ ಅಡಿಕೆ ಕೊಟ್ಟ. ಸುಣ್ಣ ಹಚ್ಚಿಯೇ ಕೊಟ್ಟ.

ಕೊನೆಗೆ ಬಹಳ ಸಂಕೋಚದಿಂದ ಹೇಳಿದ: "ತಪ್ಪ ತಿಳೀಬ್ಯಾಡ್ರಿ. ನಾ ಸ್ವಲ್ಪ ಅವಸರದಾಗ ಅದೇನಿ. ಮುಂದ ಹೋಗ್ತೇನಿ."

ಮಸೂತಿಯ ಸೋಮವಾರ

ಮಳೆಗಾಲ ಮುಗಿಯಲು ಬಂದಾಗ ಸಾಹೇಬರು ಸ್ವತಃ ಬಂದರು. ಜೀಪನ್ನೂ ಡ್ರೈವರನನ್ನೂ ಕಾಯಂ ಇಟ್ಟುಕೊಳ್ಳಬೇಕೋ ಬಿಡಬೇಕೋ, ಒಂದು ಫೇರಿ ಜೊತೆಗೆ ತಿರುಗಿ ನೋಡಿ ನಿರ್ಧರಿಸುತ್ತೇನೆ ಎಂದರು. ಡ್ರೈವರ್ ಅಂದು ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ. ಮಸೂತಿಯ ಆಚೆ, ಅವನಿಗೆ ಗುರುತಿನವರ ವಸ್ತಿಯಲ್ಲೇ, ಹೊಲದ ನಡುವಿನ ನಾಲ್ಕಾರು ಮನೆಗಳಲ್ಲಿ, ಹೊಸ ಬೋರಿಗೆ ನೀರು ಬಿದ್ದಿತ್ತು. ಹಳೆಯ ಬಾವಿಯ ನೀರು ಸವಳು. ವಸ್ತಿಯವರು ನಮ್ಮ ದಾರಿ ಕಾಯುತ್ತಿದ್ದರು.

ಹಿಂದಿನ ದಿನ ಒಳ್ಳೆಯ ಮಳೆಯಾಗಿತ್ತು. ಎರಿ ದಾರಿ ಬೆಣ್ಣೆಯಂತೆ ಹೊಳೆಯುತ್ತಿತ್ತು. ಡ್ರೈವರ್ ಅದರಲ್ಲಿ ಹಾಗೇ ಇಳಿಸಿದ. ಸಣ್ಣ ಗೇರು ಮುಟ್ಟಲಿಲ್ಲ. ನನಗೆ ಆಶ್ಚರ್ಯವಾಯಿತು, ಆಶ್ಚರ್ಯ ಪೂರ್ತಿಯಾಗುವ ಮೊದಲೇ ಜೀಪು ಹೂತುಕೊಂಡಿತು.

"ಫೋರ್ ಹಾಕೋ," ಎಂದರು ಸಾಹೇಬರು.

ಅವನು ಎರಡೂ ಕೈಗಳನ್ನು ಸ್ಟೇರಿಂಗಿನ ಮೇಲೇ ಇಟ್ಟುಕೊಂಡ.

"ಹಾಕೋ ಅಂದ್ರ."

"ಇವತ್ತ ಬರೂದಿಲ್ರಿ, ಸಾಹೇಬ್ರ."

"ಯಾಕ, ಕೆಟ್ಟೈತೇನು?"

"ಕೆಟ್ಟಿಲ್ರಿ. ಇವತ್ತ ಸೋಮವಾರ."

ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಎತ್ತು ಎಂದರೆ ಬಸವಣ್ಣ. ವಾರದಲ್ಲಿ ಒಂದು ದಿನ ಅದರ ಹೆಗಲ ಮೇಲೆ ನೊಗ ಇಡುವುದಿಲ್ಲ. ಇದು ಸಾಹೇಬರಿಗೂ ಗೊತ್ತು, ನನಗೂ ಗೊತ್ತು. ಜೀಪಿಗೂ ಅನ್ವಯಿಸುತ್ತದೆ ಎಂಬುದು ಗೊತ್ತಿರಲಿಲ್ಲ.

"ಮುಂದಿನ ಗಾಲಿ ಅಂದ್ರ ಮುಂದ ಕಟ್ಟಿದ ಎತ್ತಿನ ಜೋಡಿ ಇದ್ದಂಗರಿ," ಎಂದು ಅವನು ವಿವರಿಸಿದ. "ಆ ಜೋಡಿ ನಾ ಸೋಮವಾರ ಹೂಡಿಲ್ಲರಿ. ಕೆಲಸಕ್ಕ ಬಂದಾಗಿಂದ ಒಂದು ಸೋಮವಾರನೂ ಹೂಡಿಲ್ಲ."

ನಾನು ನೆನಪು ಮಾಡಿಕೊಂಡೆ. ಪ್ರತಿ ಸೋಮವಾರ ಅವನು ಟಾರ್ ರಸ್ತೆಯ ಪಕ್ಕದ ಊರುಗಳನ್ನೇ ಹೇಳುತ್ತಿದ್ದ. ನಿಜ.

ಅಷ್ಟರಲ್ಲಿ ವಸ್ತಿಯಿಂದ ನಾಲ್ಕಾರು ಮಂದಿ ಬಂದರು. ಮುಂದಿದ್ದವರು ಒಬ್ಬ ಮುಸ್ಲಿಂ ರೈತರು. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು. ಸಾಹೇಬರು ರಾಡಿ ನೋಡಿ ತಮ್ಮ ಶರತ್ತನ್ನೂ ಮರೆತು, "ಎರಡು ಎತ್ತು ತರಸ್ರಿ" ಎಂದರು. ಡ್ರೈವರನ ಮುಖ ಇಳಿಯಿತು. ಎಳೆಸಿದರೆ ಅವನ ಕೆಲಸ ಮುಗಿಯಿತು.

ಚಾಚಾ ತಲೆಯಾಡಿಸಿದರು. "ಸೋಮವಾರ ಐತ್ರಿ. ಈ ವಸ್ತ್ಯಾಗ ಯಾರೂ ಹೂಡೂದಿಲ್ಲ. ನಾನೂ ಹೂಡೂದಿಲ್ಲ, ನಮ್ಮಪ್ಪನೂ ಹೂಡ್ತಿರ್ಲಿಲ್ಲ."

ಬೇರೆ ದಾರಿ ಇಲ್ಲ ಎಂದು ನಾನು ತರ್ಕಕ್ಕಿಳಿದೆ.

"ಅಣ್ಣಾರ, ಹಿಂದಿನ ಗಾಲಿನೂ ಎಳೀತಾವಲ್ಲ? ಅವಕ್ಕ ಸೋಮವಾರ ಇಲ್ಲೇನು?"

"ಇಲ್ರಿ. ಅವು ದಿನಾ ದುಡೀತಾವು. ಟಾರ್‌ನ್ಯಾಗೂ ದುಡೀತಾವು, ರಾಡ್ಯಾಗೂ ದುಡೀತಾವು. ಅವು ಕೋಣರಿ. ಕೋಣಕ್ಕ ಸೋಮವಾರ ಇಲ್ಲ."

ವಸ್ತಿಯವರು ಹೌದು ಹೌದು ಎಂದರು.

ಸಾಹೇಬರು ಸ್ವಲ್ಪ ಹೊತ್ತು ಮುಗಿಲು ನೋಡಿದರು. ಆಫೀಸು ನಡೆಸಿದವರು, ರಜೆಯ ವಿಷಯ ಅವರಿಗೆ ಬಿಟ್ಟು ಯಾರಿಗೆ ಗೊತ್ತು?

"ನೋಡೋ. ಆದಿತವಾರ ದುಡಿಸಿದ್ರ ನಿಮಗ ಬದಲಿ ರಜಾ ಕೊಡ್ತೇನಿಲ್ಲ?"

"ಕೊಡ್ತೀರ್ರಿ."

"ಮುಂದಿನ ಜೋಡಿಗೂ ಹಂಗ. ಇವತ್ತ ದುಡೀಲಿ. ನಾಳಿ ಮಂಗಳವಾರ ಪೂರಾ ದಿನ ರಜಾ. ನನ್ನ ಮಾತು."

ಡ್ರೈವರ್ ಚಾಚಾನ ಮುಖ ನೋಡಿದ. ಚಾಚಾ ಗಡ್ಡ ಸವರಿಕೊಂಡರು.

"ಕುಡಿಯೂ ನೀರಿನ ಕೆಲಸಕ್ಕ ಬಂದಾವು. ಮರುದಿನ ಖರೇನ ರಜಾ ಸಿಗೂದಾದ್ರ ಹರಕತ್ ಇಲ್ಲ. ಹೂಡು."

ಅವನು ಸ್ಟೇರಿಂಗಿಗೆ ನಮಸ್ಕಾರ ಮಾಡಿ, ಸಣ್ಣ ಗೇರನ್ನು ಫೋರ್-ಲೋಗೆ ತಂದ. ಅಬ್ಬರವಿಲ್ಲ, ಅವಸರವಿಲ್ಲ. ನಾಲ್ಕು ಗಾಲಿಗಳು ಬೀಸುವ ಕಲ್ಲಿನಂತೆ ನಿಧಾನವಾಗಿ ತಿರುಗಿದವು. ಜೀಪು ತಾನಾಗಿ ಮೇಲೆ ಬಂತು. ಹಗ್ಗವಿಲ್ಲ, ಎತ್ತಿಲ್ಲ, ಟ್ರ್ಯಾಕ್ಟರಿಲ್ಲ.

ಬೋರಿನ ನೀರು ತುಂಬಿಕೊಂಡು ಬಾಗೇವಾಡಿಗೆ ಬಂದು ಪರೀಕ್ಷೆ ಮಾಡಿದೆ. ಸಿಹಿ ನೀರು. ಸಾಹೇಬರು ಕೈ ಒರೆಸಿಕೊಳ್ಳುತ್ತ ಡ್ರೈವರನಿಗೆ ಹೇಳಿದರು: "ಗಾಡಿ ಇರಲಿ. ನೀನೂ ಇರು, ಕಾಯಂ. ಮನಿಗೆ ಹೋಗು, ಊಟಕ್ಕ ತಡಾ ಆಗತೈತಿ."

ಮಂಗಳವಾರ ಮುಂಜಾನೆ ಸಾಹೇಬರನ್ನು ಬಸ್‌ಸ್ಟ್ಯಾಂಡಿಗೆ ಬಿಡಬೇಕಾಗಿತ್ತು. ಮತ್ತೆ ಮಳೆಯಾಗಿತ್ತು. ನಮ್ಮ ಖೋಲಿಯ ಮುಂದಿನ ಅಂಗಳದಲ್ಲೇ ಹಿಂದಿನ ಗಾಲಿಗಳು ತಗ್ಗಿಗೆ ಬಿದ್ದು ಸುತ್ತತೊಡಗಿದವು.

"ಹಾಕೋ ಫೋರ್," ಎಂದರು ಸಾಹೇಬರು.

ಡ್ರೈವರ್ ತಿರುಗಿ, ಅವರನ್ನು ತುಂಬ ಗೌರವದಿಂದ ನೋಡಿದ. "ನೀವ ರಜಾ ಕೊಟ್ಟೀರಲ್ರಿ."

ಸಾಹೇಬರು ನನ್ನ ಮುಖ ನೋಡಿದರು. ನಾನು ಕಿಟಕಿಯಾಚೆ ನೋಡಿದೆ. ಅವರು ಬೂಟು ಕಳಚಿ ಸೀಟಿನ ಮೇಲಿಟ್ಟು, ಪ್ಯಾಂಟು ಮೊಣಕಾಲಿಗೆ ಮಡಚಿ, ಇಳಿದು ಜೀಪಿನ ಹಿಂದೆ ಹೋಗಿ ಹೆಗಲು ಕೊಟ್ಟರು. ಪಕ್ಕದಲ್ಲಿ ನಾನೂ ನಿಂತೆ. ಜೀಪು ಹೊರಬಂದಾಗ ನಾವಿಬ್ಬರೂ ತಲೆಯಿಂದ ಕಾಲತನಕ ರಾಡಿಯಾಗಿದ್ದೆವು.

ಬಸ್ಸು ಹತ್ತುವಾಗ ಸಾಹೇಬರು ಕೇಳಿದರು: "ಅಲ್ಲೋ, ಎಲ್ಲಾರಿಗೂ ರಜಾ ಐತಿ. ನನಗ ಯಾವಾಗೋ?"

ಡ್ರೈವರ್ ಪ್ರಾಮಾಣಿಕವಾಗಿ ವಿಚಾರ ಮಾಡಿ ಹೇಳಿದ: "ನಿಮಗ ಸೋಮವಾರ ಇಲ್ಲಲ್ರಿ, ಸಾಹೇಬ್ರ."

ಸಾಹೇಬರು ಹೌದಪ್ಪ ಎಂದು ನಿಟ್ಟುಸಿರು ಬಿಟ್ಟು ಒಳಗೆ ಹೋಗಿ ಕುಳಿತರು. ಬಸ್ಸು ಹೊರಟಿತು. ಸ್ವಲ್ಪ ದೂರ ಹೋದ ಮೇಲೆ ಕಿಟಕಿಯಿಂದ ಅವರ ತಲೆ ಹೊರಬಂತು. ನಗುತ್ತಿದ್ದರು.

"ಲೇ, ಹಂಗಾದ್ರ ನಾ ಹಿಂದಿನ ಜೋಡ್ಯಾಗೇನೋ?"